ಒಳ್ಳು

ಮೊದಲ ಪುಣೆದಿಂದ ಒಬ್ಬ ಮಾಸ್ತರ ಬಂದ,
ಕೊರಳಾಗ ಭೂತಗನ್ನಡಿ, ಕೈಯಾಗ ಸಣ್ಣ ಹಾತೋಡಿ.
ಜತ್ತದಿಂದ ಉಮದಿಗಿ ಹೋಗೋ ಹಾದಿ ಬಿಟ್ಟು
ನಮ್ಮ ಕರೇಗುಡ್ಡಕ್ಕ ಯಾರು ಬರತಾರ?
ಖಡಿ ಒಯ್ಯೋ ಡಂಪರ ಬಿಟ್ರ
ಕುರಿ, ಕುರಿ ಹಿಂದ ಮಾಳಿಂಗ್ಯಾ.

ಆರು ಮೂಲಿ ಕಲ್ಲು, ಕಂಬದಂಗ,
ಒಂದಕ್ಕೊಂದು ಮೈ ಹಚ್ಚಿ ನಿಂತಾವ ಅಲ್ಲಿ
ಸಂತ್ಯಾಗ ಬಸ್ಸಿಗಿ ಕಾಯೋ ಮಂದಿಯಂಗ.
ಮಾಸ್ತರ ಮೊಣಕಾಲೂರಿ ಕಲ್ಲು ಸವರಿದ.
'ಬಾಯಿ, ಇದು ಜ್ವಾಲಾಮುಖಿ' ಅಂದ ಮರಾಠ್ಯಾಗ,
'ಆರೂವರಿ ಕೋಟಿ ವರ್ಷದ ಹಿಂದ
ಬೆಂಕಿ ಹರದಿತ್ತು ಇಲ್ಲಿ. ಆರಿ ಆರಿ ಹಿಂಗಾತು.'
ನಾ ಅಂದೆ, ಚೈತ್ರದಾಗ ಬರ್ರಿ,
ಇನ್ನೂ ಆರಿಲ್ಲ.

ನಮಗದು ಕಲ್ಲು ಅಷ್ಟ.
ಬಾಗಲ ಮುಂದಿನ ಪಾವಟಿಗಿ,
ಎಮ್ಮಿ ಕಟ್ಟೋ ಗೂಟ,
ಹುಣಚಿ ಗಿಡದ ಕಟ್ಟಿ,
ಸತ್ತವರ ತೆಲಿಕಡೆ ಒಂದೊಂದು.
ನಮ್ಮ ಅಂಗಳದಾಗೂ ಒಂದಿತ್ತು,
ನಾಕೆತ್ತು ಹೂಡಿ ಮಾವನ ಅಪ್ಪ ಎಳಕೊಂಡು ಬಂದದ್ದು.
ಅದರ ನೆತ್ತಿ ಮ್ಯಾಲ ಒಳ್ಳು.
ಅತ್ತಿಯ ಅತ್ತಿ ಕುಟ್ಟಿದಳು,
ಅತ್ತಿ ಬಾಳವ್ವ ಕುಟ್ಟಿದಳು,
ಬಳಿ ಹಿಂದಕ ಸರಸಿ ನಾ ಕುಟ್ಟಿದೆ.
ಶಿವರಾತ್ರಿ ದಾಟಿತಂದ್ರ ವರ್ಷದ ಖಾರ:
ಒಣ ಮೆಣಸಿನಕಾಯಿ, ಬಳ್ಳೊಳ್ಳಿ, ಸುಟ್ಟ ಕೊಬ್ಬರಿ.
ಇಡೀ ಓಣಿ ಸೀನತಿತ್ತು.
ಮಾರುತಿ ಗುಡಿಯ ಪೂಜಾರಿನೂ
ಮಂತ್ರದ ನಡುವ ಸೀನತಿದ್ದ.

ಆಮ್ಯಾಲ ಮಂಜೂರಾತಿ ಬಂತು. ಪರ್ಯಟನ.
ಅರ್ಧ ಗುಡ್ಡ ಆಗಲೇ ಖಡಿಯಾಗಿ
ಸಾಂಗಲಿ ರೋಡಿನ ಕೆಳಗ ಮಲಗಿತ್ತು.
ಸರಪಂಚ ದಾದಾಗೌಡ ಡಂಗುರ ಹೊಡಿಸಿದ:
'ಮನಿಮನಿಯಾಗಿನ ಆರು ಮೂಲಿ ಕಲ್ಲು
ಗುಡ್ಡಕ್ಕ ವಾಪಸ್ ಕೊಡ್ರಿ.'
ಜೆಸಿಬಿ ಬಂತು.
ಎಮ್ಮಿ ಬಿಚ್ಚಿದರು. ಪಾವಟಿಗಿ ಕಿತ್ತರು.
ಗೋರಿ ಕಲ್ಲು ಮಾತ್ರ ಕೇಳಲಿಲ್ಲ, ಅಂಜಿದರು.
ನಮ್ಮದು ಎದ್ದ ಜಾಗದಾಗ
ತಂಪ ಮಣ್ಣು, ನಾಕು ಬಿಳಿ ಹುಳ, ಒಂದು ಚಾರಾಣೆ.

ಗುಡ್ಡದ ಹಲ್ಲು ಬಿದ್ದಲ್ಲೆಲ್ಲ
ಸಿಮೆಂಟ ಹಚ್ಚಿ ಕಲ್ಲು ನಿಲ್ಲಿಸ್ಯಾರ ಈಗ.
ಸುತ್ತ ತಂತಿಬೇಲಿ. ತಿಕೀಟ ಇಪ್ಪತ್ತು.
ನಾ ಗೇಟಿನ ಬಲ್ಲಿ ಚಾ ಮಾರತೀನಿ,
ನನಗ ತಿಕೀಟಿಲ್ಲ.

ಕೊಲ್ಲಾಪುರದ ಮಂದಿ ಬರತಾರ, ಮುಂಬೈದವರು.
'ಬಿಸಿನೀರಿನ ಝರಿ ಎಲ್ಲ್ಯದ?' ಕೇಳತಾರ.
ನಾ ಕಿಟಲಿ ತೋರಸತೀನಿ.
ಅಮೋಗಿ ಗಾಯಿಡ ಆಗ್ಯಾನ,
ಬಿಳಿ ಟೊಪಗಿ, ದಿನಕ್ಕ ಮುನ್ನೂರು.
ನಮ್ಮ ಕಲ್ಲಿನ ಮುಂದ ನಿಂತು ಬಟ್ಟು ಮಾಡತಾನ:
'ಈ ಕುಳಿ ನೋಡ್ರಿ. ಲಾವಾ ಕುದಿಯೋವಾಗ
ಒಳಗಿನ ಹೊಗಿ ಗುಳ್ಳಿಯಾಗಿ ಇಲ್ಲಿಂದ ಒಡದು ಹೊರಬಿತ್ತು.'
ಒಬ್ಬ ಹುಡುಗಿ ಬಗ್ಗಿ ಬೆರಳಿಟ್ಟು
'ಅಯ್ಯ, ಇನ್ನೂ ಬಿಸಿ ಅದ' ಅಂತಾಳ.
ಮಟಮಟ ಮಧ್ಯಾಹ್ನ.

ಅದೇ ಅಮೋಗಿ ಸಣ್ಣವನಿದ್ದಾಗ
ಅದೇ ಒಳ್ಳಿನಾಗಿನ ಖಾರ ರೊಟ್ಟಿಗಿ ಹಚ್ಚಿಕೊಂಡು
ಮೂಗು ಸುರಿಸಿಗೋತ ತಿಂದಾನ.
ಹೇಳಲಿಲ್ಲ ನಾ. ಅವನ ಹೊಟ್ಟಿ ಪಾಡು.

ಮ್ಯಾಲಾಗಿ ಅವ ಹೇಳೂದು ಪೂರಾ ಸುಳ್ಳೇನಲ್ಲ.
ಅಲ್ಲಿಂದ ಬೆಂಕಿ ಎದ್ದದ್ದು ನಾ ನೋಡೀನಿ.
ಖಣಿಯಾಗ ಸುರಂಗ ಹಾರಿ
ನನ್ನ ಗಂಡನ್ನ ಚಾದರದಾಗ ತಂದ ರಾತ್ರಿ,
ಮಂದಿ ಎಲ್ಲ ಹೋದ ಮ್ಯಾಲ,
ಬಾಳವ್ವ ಎದ್ದು ಒನಕಿ ಹಿಡದಳು.
ಒಳ್ಳಿನಾಗ ಏನೂ ಇದ್ದಿಲ್ಲ.
ಖಾಲಿ ಕಲ್ಲಿಗಿ ಒನಕಿಯ ಕಬ್ಬಿಣ ಬಡದು
ಕಿಡಿ, ಮತ್ತ ಕಿಡಿ,
ಕತ್ತಲದಾಗ ಆಕಿ ಮಾರಿ ಒಮ್ಮೆ ಕಂಡು ಒಮ್ಮೆ ಹೋಗಿ.
ಕೋಳಿ ಕೂಗೂ ತನಕ ಕುಟ್ಟಿದಳು.
ನಾ ಬ್ಯಾಡ ಅನಲಿಲ್ಲ.

ಸಂಜಿಕ ಗೇಟ ಹಾಕೋ ಮುಂದ
ಒಮ್ಮೊಮ್ಮೆ ಒಳಗ ಹೋಗತೀನಿ.
ಬೆರಳು ಆಡಿಸಿ ನಾಲಿಗಿಗಿ ಹಚ್ಚಿ ನೋಡತೀನಿ.
ಸಿಮೆಂಟ, ಧೂಳ, ಯಾವುದೋ ಹುಡುಗರ ಚಿಪ್ಸಿನ ಉಪ್ಪು.

ಖಾರ ಈಗ ಮಿಕ್ಸರದಾಗ ಹಾಕತೀನಿ.
ಲಗೂ ಆಗತದ.
ಯಾರೂ ಸೀನೂದಿಲ್ಲ.